ಕಾಲಡಿಯಲ್ಲಿ ಮೆತ್ತಗಾದ ಬ್ರೇಕ್

ಸಾತಾರಾ ಕಡೆಯಿಂದ ಪುಣೆಗೆ ಬರುವವರಿಗೆ ಕಾತ್ರಜದ ಹೊಸ ಸುರಂಗ ದಾಟಿದ ಮೇಲೆ ನವಲೆ ಸೇತುವೆಯವರೆಗೆ ಸಿಗುವ ಇಳಿಜಾರು ಚೆನ್ನಾಗಿ ಗೊತ್ತಿರುತ್ತದೆ. ಭಾರ ಹೊತ್ತ ಲಾರಿಗಳು ಬ್ರೇಕ್ ಹಿಡಿಯದೆ ಮುಂದಿದ್ದ ವಾಹನಗಳ ಮೇಲೆ ನುಗ್ಗಿದ ಅಪಘಾತಗಳಿಂದಾಗಿ ಆ ಜಾಗದ ಹೆಸರು ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬಂದಿದೆ. ಕಳೆದ ಜೂನ್ ಕೊನೆಯಲ್ಲಿ ಧಾರವಾಡದಿಂದ ಮನೆಯವರೊಂದಿಗೆ ಹಿಂತಿರುಗುತ್ತಿದ್ದಾಗ, ಅದೇ ಇಳಿಜಾರಿನಲ್ಲಿ, ಸಣ್ಣ ಮಳೆಯಲ್ಲಿ, ನಮ್ಮ ಹಳೆಯ ಕಾರಿನ ಬ್ರೇಕ್ ಪೆಡಲ್ ಎಂದಿನ ಜಾಗದಲ್ಲಿ ನಿಲ್ಲದೆ ಇನ್ನೂ ಕೆಳಗೆ ಹೋಯಿತು. ಕಾರು ನಿಂತಿತು, ನಿಜ. ಆದರೆ ಕಾಲಿಗೆ ಸಿಕ್ಕಿದ್ದು ಗಟ್ಟಿಯಾದ ತಡೆಯಲ್ಲ, ಒದ್ದೆ ಸ್ಪಂಜನ್ನು ತುಳಿದಂಥ ಮೆತ್ತನೆಯ ಅನುಭವ. ಮನೆ ಮುಟ್ಟುವವರೆಗೆ ಎರಡನೆಯ ಗೇರ್‌ನಲ್ಲೇ, ಮುಂದಿನ ವಾಹನದಿಂದ ಸಾಕಷ್ಟು ದೂರ ಉಳಿದುಕೊಂಡು ಬಂದೆ.

ಆ ಕಾರು 1999ರಲ್ಲಿ ತಂದೆಯವರು ಧಾರವಾಡದಲ್ಲಿ ಕೊಂಡದ್ದು. ಆ ಕಾಲದ ಝೆನ್, ಸ್ಯಾಂಟ್ರೊ ಮೊದಲಾದ ಚಿಕ್ಕ ಕಾರುಗಳಂತೆ ಇದಕ್ಕೂ ಮುಂದಿನ ಚಕ್ರಗಳಿಗೆ ಡಿಸ್ಕ್, ಹಿಂದಿನ ಚಕ್ರಗಳಿಗೆ ಡ್ರಮ್, ನಡುವೆ ಇಂಜಿನ್ನಿನ ಹೀರುಬಲದಿಂದ ಕಾಲಿಗೆ ನೆರವಾಗುವ ವ್ಯಾಕ್ಯೂಮ್ ಬೂಸ್ಟರ್, ಚಕ್ರ ಜಾಮ್ ಆಗದಂತೆ ತಡೆಯುವ ಎಬಿಎಸ್ ಇಲ್ಲ. ಕಾರಿನ ಡ್ಯಾಶ್‌ಬೋರ್ಡಿನ ಡಬ್ಬಿಯಲ್ಲಿ ತಂದೆಯವರು ಒಂದು ಚಿಕ್ಕ ನೋಟ್‌ಪುಸ್ತಕ ಇಟ್ಟಿದ್ದರು. ಯಾವ ದಿನ ಯಾವ ಸಾಮಾನು ಬದಲಾಯಿತು, ಆಗ ಮೀಟರ್ ಎಷ್ಟು ತೋರಿಸುತ್ತಿತ್ತು ಎಂಬುದೆಲ್ಲ ಅದರಲ್ಲಿ ಅವರ ಅಕ್ಷರದಲ್ಲಿದೆ. ಕಾರು ಪುಣೆಗೆ ಬಂದ ಮೇಲೂ ನಾನು ಆ ಕ್ರಮವನ್ನು ಬಿಟ್ಟಿಲ್ಲ. ಈ ಪುಸ್ತಕದ ಮಾತು ಮುಂದೆ ಬರುತ್ತದೆ.

ಮರುದಿನ ಮನೆಯ ಹತ್ತಿರದ ಒಂದು ಗ್ಯಾರೇಜಿಗೆ ಒಯ್ದೆ. ಅದರ ಹೆಸರು ಇಲ್ಲಿ ಬೇಡ. ಅವರು ಪೆಡಲ್ ಒಮ್ಮೆ ಒತ್ತಿ, ಪೆಡಲಿನ ಬಲವನ್ನು ಬ್ರೇಕ್ ದ್ರವದ ಒತ್ತಡವಾಗಿಸುವ ಮಾಸ್ಟರ್ ಸಿಲಿಂಡರ್ ಹೋಗಿದೆ ಎಂದು ತೀರ್ಮಾನಿಸಿ, ಹೊಸದನ್ನು ಹಾಕಿ, ಏರ್ ತೆಗೆದು (ಅಂದರೆ ಪೈಪುಗಳಲ್ಲಿ ಸೇರಿದ ಗಾಳಿಯನ್ನು ಹೊರಹಾಕಿ), ಸಂಜೆ ಕಾರನ್ನು ಒಪ್ಪಿಸಿದರು. ಒಪ್ಪಿಸುವಾಗ ಇಂಜಿನ್ ಬಂದ್ ಇತ್ತು. ನಾನೇ ಕೂತು ಎರಡು ಮೂರು ಸಲ ಒತ್ತಿದೆ, ಪೆಡಲ್ ಕಲ್ಲಿನಂತೆ ಗಟ್ಟಿಯಾಗಿತ್ತು, ತೃಪ್ತನಾಗಿ ಹಣ ಕೊಟ್ಟೆ. ರಸ್ತೆಗಿಳಿದು ನೂರು ಮೀಟರ್ ಹೋಗುವಷ್ಟರಲ್ಲಿ ಅದೇ ಮೆತ್ತನೆಯ ಪೆಡಲ್ ಮರಳಿ ಬಂದಿತ್ತು. ಆ ಸಂಜೆ ನನಗೆ ತಿಳಿಯದೆ ಹೋದ ಸಂಗತಿ ಏನೆಂದರೆ, ಇಂಜಿನ್ ಓಡದಿರುವಾಗ ಎರಡು ಮೂರು ಸಲ ಪೆಡಲ್ ಒತ್ತಿದರೆ ಬೂಸ್ಟರಿನಲ್ಲಿ ಉಳಿದಿದ್ದ ವ್ಯಾಕ್ಯೂಮ್ ಖರ್ಚಾಗಿ ಹೋಗುತ್ತದೆ. ಆಮೇಲೆ ಕಾಲಿನ ಬಲಕ್ಕೆ ಯಾವ ನೆರವೂ ಇಲ್ಲದ ಕಾರಣ ಮೆತ್ತನೆಯ ಪೆಡಲ್ ಕೂಡ ಗಟ್ಟಿಯಾಗಿ ತೋರಬಹುದು. ಬ್ರೇಕ್ ಕೆಲಸದ ಮೇಲೆ ಕಾರು ಒಪ್ಪಿಸಿಕೊಳ್ಳುವವರು ಇಂಜಿನ್ ಚಾಲೂ ಮಾಡಿಸಿಯೇ ಪೆಡಲ್ ನೋಡಬೇಕು.

ಧಾಯರಿಯಲ್ಲಿ ತಗಡಿನ ಶೆಡ್ಡಿನಲ್ಲಿ ಕೆಲಸ ಮಾಡುವ ಒಬ್ಬ ಹಿರಿಯ ಮಿಸ್ತ್ರಿ ಇದ್ದಾರೆ. ಮೂಲ ಇಂಡಿ ತಾಲ್ಲೂಕಿನವರು, ಮೂವತ್ತು ವರ್ಷಗಳಿಂದ ಪುಣೆಯಲ್ಲಿದ್ದಾರೆ, ಮರಾಠಿ ಗಿರಾಕಿಗಳೊಂದಿಗೆ ಮರಾಠಿ, ನಮ್ಮಂಥವರೊಂದಿಗೆ ಅಪ್ಪಟ ವಿಜಯಪುರದ ಕನ್ನಡ. ನಾವೆಲ್ಲ ಅವರನ್ನು ಕಾಕಾ ಎಂದೇ ಕರೆಯುತ್ತೇವೆ. ನಡೆದದ್ದನ್ನೆಲ್ಲ ಕೇಳಿಕೊಂಡ ಅವರು ಬಾನೆಟ್ ಎತ್ತುವ ಮೊದಲೇ ಹೇಳಿದ್ದು ಇಷ್ಟು: "ಸರ್ರ, ಪೆಡಲ್ ಏನ್ ಹೇಳಾಕತ್ತೈತಿ ಅದನ್ ಮೊದ್ಲ ಕೇಳೂಣು. ಸಾಮಾನ್ ತರೂದು ಆಮ್ಯಾಲೆ." ಮುಂದಿನ ಎರಡು ಭಾನುವಾರಗಳಲ್ಲಿ ಅವರ ಜೊತೆ ನಿಂತು ಕಲಿತದ್ದನ್ನು, ಆಮೇಲೆ ನಾನೇ ಓದಿ ತಾಳೆ ನೋಡಿದ್ದನ್ನು ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಪೆಡಲ್ ಏಕೆ ಮೆತ್ತಗಾಗುತ್ತದೆ ಎಂಬುದು ಸ್ಪಷ್ಟವಾಗಬೇಕು. ಮುಚ್ಚಿದ ಪಾತ್ರೆಯಲ್ಲಿರುವ ದ್ರವದ ಮೇಲೆ ಹಾಕಿದ ಒತ್ತಡ ಎಲ್ಲ ಕಡೆಗೂ ಸಮನಾಗಿ ಹರಡುತ್ತದೆ ಎಂದು ಹದಿನೇಳನೆಯ ಶತಮಾನದಲ್ಲಿ ಪ್ಯಾಸ್ಕಲ್ ತೋರಿಸಿಕೊಟ್ಟ ನಿಯಮದ ಮೇಲೆಯೇ ನಮ್ಮ ಬ್ರೇಕ್ ನಿಂತಿದೆ. ದ್ರವವನ್ನು ಹಿಂಡಿ ಕುಗ್ಗಿಸಲು ಬಹುತೇಕ ಸಾಧ್ಯವಿಲ್ಲ, ಗಾಳಿಯನ್ನು ಸುಲಭವಾಗಿ ಕುಗ್ಗಿಸಬಹುದು. ಒಂದು ಲೆಕ್ಕ ಹಾಕಿ ನೋಡಿದಾಗ ಈ ಮಾತಿನ ತೂಕ ನನಗೆ ಅರ್ಥವಾಯಿತು. ಮಾಸ್ಟರ್ ಸಿಲಿಂಡರಿನ ಒಳವ್ಯಾಸ 20 ಮಿಲಿಮೀಟರ್ ಎಂದುಕೊಳ್ಳೋಣ. ಅದರ ಪಿಸ್ಟನ್ನಿನ ವಿಸ್ತೀರ್ಣ ಸುಮಾರು 3.1 ಚದರ ಸೆಂಟಿಮೀಟರ್ ಆಗುತ್ತದೆ. ಪೈಪಿನಲ್ಲೆಲ್ಲೋ 2 ಮಿಲಿಲೀಟರ್ ಗಾಳಿ ಸೇರಿದೆ, ಅಂದರೆ ಅರ್ಧ ಚಮಚಕ್ಕಿಂತ ಕಡಿಮೆ. ಬ್ರೇಕ್ ಒತ್ತಿದಾಗಿನ ಒತ್ತಡದಲ್ಲಿ ಆ ಗಾಳಿ ಕುಗ್ಗಿ ಬಹುತೇಕ ಇಲ್ಲವಾಗುತ್ತದೆ, ಆ ಖಾಲಿ ಜಾಗವನ್ನು ತುಂಬಲು ಪಿಸ್ಟನ್ ಆರು ಮಿಲಿಮೀಟರಿನಷ್ಟು ಹೆಚ್ಚು ಮುಂದೆ ಹೋಗಬೇಕಾಗುತ್ತದೆ. ಪೆಡಲಿನ ಸನ್ನೆಕೋಲಿನ ಅನುಪಾತ ನಾಲ್ಕರಷ್ಟಿದ್ದರೆ ಕಾಲಿನಡಿಯಲ್ಲಿ ಅದು ಸುಮಾರು 25 ಮಿಲಿಮೀಟರ್, ಅಂದರೆ ಒಂದು ಅಂಗುಲ. ಅರ್ಧ ಚಮಚ ಗಾಳಿ ಒಂದು ಅಂಗುಲ ಪೆಡಲನ್ನು ನುಂಗುತ್ತದೆ.

ಆದರೆ ಗಾಳಿಯೊಂದೇ ಕಾರಣವಲ್ಲ ಎಂಬುದು ನನ್ನ ಅನುಭವದ ಮುಖ್ಯ ಪಾಠ. ಒತ್ತಿದ ದ್ರವಕ್ಕೆ ಹೋಗಲು ಎಲ್ಲಿಯಾದರೂ ಹೆಚ್ಚುವರಿ ಜಾಗ ಸಿಕ್ಕರೆ ಪೆಡಲ್ ಕೆಳಗಿಳಿಯುತ್ತದೆ. ಆ ಜಾಗ ಡ್ರಮ್ಮಿಗೂ ಅದನ್ನು ಒಳಗಿನಿಂದ ಒತ್ತಿ ಹಿಡಿಯುವ ಬ್ರೇಕ್ ಶೂಗೂ ನಡುವೆ ಬೆಳೆದ ಅಂತರವಾಗಿರಬಹುದು, ಒತ್ತಡಕ್ಕೆ ಉಬ್ಬುವ ರಬ್ಬರ್ ಹೋಸ್ ಆಗಿರಬಹುದು, ಮಾಸ್ಟರ್ ಸಿಲಿಂಡರಿನೊಳಗೆ ಸವೆದ ಸೀಲಿನ ಪಕ್ಕದ ಸಂದಿಯಾಗಿರಬಹುದು, ಜಾರುವ ಪಿನ್ನು ತುಕ್ಕು ಹಿಡಿದು ಓರೆಯಾಗಿ ಕೂತ ಕ್ಯಾಲಿಪರ್ (ಡಿಸ್ಕನ್ನು ಪ್ಯಾಡುಗಳಿಂದ ಹಿಡಿಯುವ ಭಾಗ) ಬಾಗುವುದೂ ಆಗಿರಬಹುದು. ಇವೆಲ್ಲವೂ ಕಾಲಿಗೆ ಒಂದೇ ತೆರನಾಗಿ ತೋರುತ್ತವೆ ಎಂದು ನಾನು ತಿಳಿದಿದ್ದೆ. ಹಾಗಲ್ಲ, ಒಂದೊಂದಕ್ಕೂ ಒಂದೊಂದು ಲಕ್ಷಣವಿದೆ.

ಕಾಕಾ ಮೊದಲು ಬ್ರೇಕ್ ಆಯಿಲ್ (ಮೇಲೆ ಹೇಳಿದ ದ್ರವದ ರೂಢಿಯ ಹೆಸರು) ಡಬ್ಬಿಯ ಮಟ್ಟ ನೋಡಿದರು, ನಾಲ್ಕೂ ಚಕ್ರಗಳ ಒಳಬದಿಯನ್ನು ಬ್ಯಾಟರಿ ಹಿಡಿದು ನೋಡಿದರು, ಪೆಡಲಿನ ಬುಡದ ಮ್ಯಾಟ್ ಎತ್ತಿ ಕೈಯಾಡಿಸಿದರು. ಎಲ್ಲಿಯೂ ಸೋರಿಕೆ ಇರಲಿಲ್ಲ. ಆಮೇಲೆ ಇಂಜಿನ್ ಬಂದ್ ಇಟ್ಟು ಪೆಡಲನ್ನು ಐದಾರು ಸಲ ಒತ್ತಿಸಿ, ಒತ್ತಿಹಿಡಿದಿರುವಾಗಲೇ ಇಂಜಿನ್ ಚಾಲೂ ಮಾಡಿಸಿದರು. ಪೆಡಲ್ ಸ್ವಲ್ಪ ಕೆಳಗೆ ಇಳಿದು ನಿಂತಿತು. ಬೂಸ್ಟರ್ ಸರಿಯಿದ್ದರೆ ಹೀಗೆಯೇ ಆಗಬೇಕು. ಬೂಸ್ಟರ್ ಕೆಟ್ಟರೆ ಪೆಡಲ್ ಮೆತ್ತಗಾಗುವುದಿಲ್ಲ, ಬಿಗಿಯಾಗುತ್ತದೆ. ಆದ್ದರಿಂದ ಮೆತ್ತನೆಯ ಪೆಡಲಿಗೆ ಬೂಸ್ಟರ್ ಬದಲಿಸಲು ಹೊರಡುವುದು ವ್ಯರ್ಥ ಖರ್ಚು.

ಎರಡನೆಯದು ಮಾಸ್ಟರ್ ಸಿಲಿಂಡರಿನ ಪರೀಕ್ಷೆ. ಇಂಜಿನ್ ಓಡುತ್ತಿರುವಾಗ ಪೆಡಲನ್ನು ಒಂದೇ ಸಮನಾದ ಬಲದಲ್ಲಿ ಒಂದು ನಿಮಿಷ ಹಿಡಿಯಬೇಕು. ಸೀಲ್ ಸವೆದಿದ್ದರೆ, ಹೊರಗೆ ಒಂದು ಹನಿಯೂ ಬೀಳದೆ, ದ್ರವ ಸೀಲನ್ನು ದಾಟಿ ಹಿಂದಕ್ಕೆ ನುಸುಳುತ್ತದೆ, ಪೆಡಲ್ ನಿಧಾನವಾಗಿ ನೆಲದ ಕಡೆ ಇಳಿಯುತ್ತದೆ. ಇದನ್ನು ಜೋರಾಗಿ ಒತ್ತಿ ಮಾತ್ರ ನೋಡಿದರೆ ಸಾಲದು, ಹಗುರವಾಗಿ ಒತ್ತಿಯೂ ನೋಡಬೇಕು. ಹೆಚ್ಚಿನ ಒತ್ತಡದಲ್ಲಿ ಸೀಲಿನ ತುಟಿ ಗೋಡೆಗೆ ಒತ್ತಿಕೊಂಡು ಸೋರಿಕೆ ನಿಲ್ಲುವುದುಂಟು, ಸಿಗ್ನಲ್‌ನಲ್ಲಿ ಹಗುರವಾಗಿ ಕಾಲಿಟ್ಟು ನಿಂತಾಗ ಮಾತ್ರ ಪೆಡಲ್ ಇಳಿಯುವುದುಂಟು. ನಮ್ಮ ಕಾರಿನಲ್ಲಿ ಎರಡು ಬಗೆಯಲ್ಲಿಯೂ ಪೆಡಲ್ ಇಳಿಯಲಿಲ್ಲ. ಈಗಿರುವುದು ಹೊಸ ಸಿಲಿಂಡರ್, ಇಳಿಯದಿರುವುದು ಸಹಜ. ಆದರೆ ಹಳೆಯದು ಇದ್ದಾಗಲೂ ಕಾತ್ರಜದಿಂದ ಮನೆಯವರೆಗೆ ಯಾವ ಸಿಗ್ನಲ್‌ನಲ್ಲಿಯೂ ಪೆಡಲ್ ಹಿಡಿದ ಜಾಗದಿಂದ ಇಳಿದಿರಲಿಲ್ಲ ಎಂಬುದು ನನಗೆ ಚೆನ್ನಾಗಿ ನೆನಪಿತ್ತು. ಹಳೆಯ ಸಿಲಿಂಡರ್ ಆರೋಗ್ಯವಾಗಿಯೇ ಇತ್ತು ಎಂದು ಆಗ ಅರಿವಾಗಿ ಬೇಸರವಾಯಿತು.

ಮೂರನೆಯ ಸಂಶಯ ಬ್ರೇಕ್ ಆಯಿಲ್ ಕುದಿಯುವುದು. ಗ್ಲೈಕಾಲ್ ಆಧಾರದ ಬ್ರೇಕ್ ಆಯಿಲ್ ವಾತಾವರಣದ ತೇವವನ್ನು ಹೀರಿಕೊಳ್ಳುತ್ತದೆ. ಡಾಟ್ 3 ಎಂಬ ದರ್ಜೆಯದು ಹೊಸದಾಗಿರುವಾಗ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು, ಶೇಕಡಾ 3.7ರಷ್ಟು ನೀರು ಸೇರಿದ ಮೇಲೆ ಆ ಮಿತಿ 140ಕ್ಕೆ ಇಳಿಯುತ್ತದೆ. ಡಾಟ್ 4ರಲ್ಲಿ ಈ ಅಂಕಿಗಳು 230 ಮತ್ತು 155. ಖಂಡಾಲಾ ಘಾಟಿನಲ್ಲಿ ಉದ್ದಕ್ಕೂ ಬ್ರೇಕ್ ಹಿಡಿದುಕೊಂಡೇ ಇಳಿದರೆ ಕ್ಯಾಲಿಪರ್ ಕಾಯ್ದು, ಒಳಗಿನ ನೀರು ಆವಿಯಾಗಿ, ಆ ಆವಿಯ ಗುಳ್ಳೆಗಳು ಗಾಳಿಯಂತೆಯೇ ಕುಗ್ಗುತ್ತವೆ. ಈ ತೊಂದರೆಯ ಲಕ್ಷಣವೆಂದರೆ ಕಾಯ್ದಾಗ ಪೆಡಲ್ ಮೆತ್ತಗಾಗಿ ಆರಿದ ಮೇಲೆ ಮತ್ತೆ ಗಟ್ಟಿಯಾಗುವುದು. ನಮ್ಮದು ರಾತ್ರಿಯಿಡೀ ನಿಂತು ತಣ್ಣಗಾದ ಕಾರಿನಲ್ಲೂ ಮೆತ್ತಗೇ ಇತ್ತು. ಅಲ್ಲದೆ ಆಯಿಲ್ ಮೊನ್ನೆ ತಾನೇ ಬದಲಾಗಿತ್ತು.

ಇನ್ನು ಉಳಿದದ್ದು ಗಾಳಿ, ಡ್ರಮ್ಮಿನ ಅಂತರ, ಹೋಸ್. ಪೆಡಲನ್ನು ಬೇಗ ಬೇಗನೆ ಮೂರು ನಾಲ್ಕು ಸಲ ಒತ್ತಿದರೆ ಅದು ಮೇಲಕ್ಕೆ ಏರುತ್ತಿತ್ತು. ಇಲ್ಲಿಯೇ ಹೆಚ್ಚಿನವರು ಏರ್ ಹಿಡಿದಿದೆ ಎಂದು ತೀರ್ಮಾನಿಸಿಬಿಡುತ್ತಾರೆ. ಕಾಕಾ ಹಾಗೆ ಮಾಡದೆ ಹ್ಯಾಂಡ್‌ಬ್ರೇಕ್ ಎಳೆಯಲು ಹೇಳಿ, ಈಗ ಒಂದೇ ಸಲ ಒತ್ತಿರಿ ಎಂದರು. ಪೆಡಲ್ ಎರಡು ಬೆರಳಿನಷ್ಟು ಮೇಲೆಯೇ ಹಿಡಿಯಿತು. ಹ್ಯಾಂಡ್‌ಬ್ರೇಕ್ ಎಳೆದಾಗ ಹಿಂದಿನ ಶೂಗಳು ಕೇಬಲ್ಲಿನ ಬಲದಿಂದ ಡ್ರಮ್ಮಿಗೆ ತಾಗಿ ನಿಲ್ಲುತ್ತವೆ, ಆ ಅಂತರವನ್ನು ತುಂಬುವ ಕೆಲಸ ಆಯಿಲಿಗೆ ಉಳಿಯುವುದಿಲ್ಲ. ಪೆಡಲ್ ಮೇಲೆ ಬಂದಿತೆಂದರೆ ಅಂತರ ಹೆಚ್ಚಾಗಿತ್ತೆಂದೇ ಅರ್ಥ. ಪಾನಾ ಮುಟ್ಟದೆ, ಒಂದು ರೂಪಾಯಿ ಖರ್ಚಿಲ್ಲದೆ ಮಾಡಬಹುದಾದ ಈ ಪರೀಕ್ಷೆಯನ್ನು ಹಳೆಯ ಕಾರು ಇಟ್ಟುಕೊಂಡ ಪ್ರತಿಯೊಬ್ಬರೂ ತಿಳಿದಿರಬೇಕೆಂದು ನನಗೆ ಅನಿಸುತ್ತದೆ.

ಡ್ರಮ್ ಬಿಚ್ಚಿದಾಗ ಎರಡೂ ಕಡೆಯ ಅಡ್ಜಸ್ಟರುಗಳು ತುಕ್ಕು ಮತ್ತು ಶೂಗಳ ಪುಡಿ ಸೇರಿ ಜಾಮ್ ಆಗಿದ್ದವು. ಶೂ ಸವೆದಂತೆಲ್ಲ ಅದನ್ನು ಹೊರಕ್ಕೆ ತಳ್ಳಬೇಕಾದ ವ್ಯವಸ್ಥೆ ಯಾವಾಗ ನಿಂತಿತ್ತೋ ತಿಳಿಯದು. ಹಳೆಯ ಶೂಗಳ ಪುಡಿಯಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇರಬಹುದೆಂಬ ಕಾರಣಕ್ಕೆ ಕಾಕಾ ಗಾಳಿ ಹೊಡೆಯದೆ ಒದ್ದೆ ಬಟ್ಟೆಯಿಂದ ಒರೆಸಿ ತೆಗೆದರು. ನನಗೆ ಅದು ಬಹಳ ಹಿಡಿಸಿತು. ಅಡ್ಜಸ್ಟರುಗಳನ್ನು ಸ್ವಚ್ಛಗೊಳಿಸಿ, ಚಕ್ರ ಕೈಯಿಂದ ತಿರುಗಿಸಿದಾಗ ಶೂ ಹಗುರವಾಗಿ ಉಜ್ಜುವ ಹಂತಕ್ಕೆ ತಂದು ಮುಚ್ಚಿದರು. ಪೆಡಲ್ ಎತ್ತರ ಸರಿಯಾಯಿತು. ಆದರೆ ಹಿಡಿದ ಜಾಗದಿಂದ ಮುಂದೆ ಒತ್ತಿದರೆ ಇನ್ನೂ ಮೆತ್ತಗೆ ಹೋಗುತ್ತಿತ್ತು. ಎತ್ತರ ಒಂದು ದೋಷ, ಮೆತ್ತನೆ ಇನ್ನೊಂದು ದೋಷ. ಎರಡೂ ಒಂದರ ಮೇಲೊಂದು ಕೂತಿದ್ದರಿಂದಲೇ ಮೊದಲಿನಿಂದಲೂ ಗೊಂದಲವಾಗಿತ್ತು.

ಗಾಳಿಯ ಪರೀಕ್ಷೆಗೆ ಏರ್ ತೆಗೆಯಲೇಬೇಕು. ಮಗಳನ್ನು ಪೆಡಲಿನ ಹತ್ತಿರ ಕೂರಿಸಿದೆವು. ಪೆಡಲಿನ ಕೆಳಗೆ ಕಾಕಾ ಒಂದು ಮರದ ತುಂಡು ಇಟ್ಟರು. ಹಳೆಯ ಮಾಸ್ಟರ್ ಸಿಲಿಂಡರುಗಳಲ್ಲಿ ಪಿಸ್ಟನ್ ದಿನನಿತ್ಯ ಓಡಾಡುವ ಭಾಗ ನುಣುಪಾಗಿರುತ್ತದೆ, ಅದರಾಚೆಯ ಭಾಗದಲ್ಲಿ ತುಕ್ಕು ಮತ್ತು ಕೊಳೆ ಕೂತಿರುತ್ತದೆ. ಏರ್ ತೆಗೆಯುವಾಗ ಪೆಡಲನ್ನು ನೆಲಕ್ಕೆ ಮುಟ್ಟಿಸಿದರೆ ಸೀಲ್ ಆ ಒರಟು ಭಾಗದ ಮೇಲೆ ಜಾರಿ ಹರಿಯುತ್ತದೆ. ಏರ್ ತೆಗೆಸಿದ ಮರುವಾರವೇ ಮಾಸ್ಟರ್ ಸಿಲಿಂಡರ್ ಕೆಟ್ಟಿತು ಎಂಬ ದೂರಿನ ಹಿಂದೆ ಹಲವು ಸಲ ಇರುವುದು ಇದೇ. ನಮ್ಮಲ್ಲಿ ಸ್ಟೇರಿಂಗ್ ಬಲಗಡೆ ಇರುವುದರಿಂದ ಮಾಸ್ಟರ್ ಸಿಲಿಂಡರಿನಿಂದ ಅತಿ ದೂರದ್ದು ಎಡಗಡೆಯ ಹಿಂದಿನ ಚಕ್ರ. ಕಾಕಾ ಅಲ್ಲಿಂದ ಆರಂಭಿಸಿದರು. ಬ್ರೇಕ್ ಲೈನುಗಳು ಕತ್ತರಿಯಾಕಾರದಲ್ಲಿ, ಅಂದರೆ ಮುಂದಿನ ಒಂದು ಚಕ್ರಕ್ಕೆ ಎದುರು ಬದಿಯ ಹಿಂದಿನ ಚಕ್ರ ಜೋಡಿಯಾಗಿ, ಹಂಚಿಹೋಗಿರುವ ಕಾರುಗಳಲ್ಲಿ ಈ ಕ್ರಮ ಬೇರೆ ಇರಬಹುದಾದ್ದರಿಂದ ಕಾರಿನ ಕೈಪಿಡಿ ಹೇಳಿದಂತೆಯೇ ನಡೆಯುವುದು ಒಳ್ಳೆಯದು. ಚಕ್ರದ ಬಳಿ ಗಾಳಿ ಹೊರಬಿಡಲು ಇರುವ ನಿಪ್ಪಲಿಗೆ ಪಾರದರ್ಶಕ ಕೊಳವೆ ಹಾಕಿ, ಅದರ ತುದಿಯನ್ನು ಸ್ವಲ್ಪ ಆಯಿಲ್ ಇರುವ ಬಾಟಲಿಯಲ್ಲಿ ಮುಳುಗಿಸಿ, ಕಾಕಾ ಕೆಳಗಿನಿಂದ "ಒತ್ತವ್ವಾ… ಹಿಡಿ… ಬಿಡು" ಎನ್ನುತ್ತ ಹೋದರು. ಪೆಡಲ್ ಮೇಲೇಳುವ ಮೊದಲೇ ನಿಪ್ಪಲ್ ಮುಚ್ಚಬೇಕು, ಇಲ್ಲದಿದ್ದರೆ ಹೋದ ಗಾಳಿ ಮತ್ತೆ ಒಳಗೆ ಬರುತ್ತದೆ. ಡಬ್ಬಿಯ ಮಟ್ಟ ಕಾಯುವ ಕೆಲಸ ನನ್ನದಾಗಿತ್ತು. ಅದು ಬತ್ತಿದರೆ ಮಾಡಿದ್ದೆಲ್ಲ ನೀರಿನಲ್ಲಿ ಹೋಮ. ನಾಲ್ಕೂ ಚಕ್ರಗಳಿಂದ ಒಂದೇ ಒಂದು ಗುಳ್ಳೆಯೂ ಬರಲಿಲ್ಲ.

ಹಿಂದೆ ಅವರ ಬಳಿ ಬಂದ ಒಂದು ಕಾರಿನಲ್ಲಿ ಎಷ್ಟು ಏರ್ ತೆಗೆದರೂ ಪೆಡಲ್ ಮೆತ್ತಗೇ ಉಳಿದಿತ್ತಂತೆ. ಯಾರೋ ಮುಂದಿನ ಎರಡು ಕ್ಯಾಲಿಪರುಗಳನ್ನು ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ ಕೂರಿಸಿದ್ದರಿಂದ ನಿಪ್ಪಲುಗಳು ಕೆಳಬದಿಗೆ ಬಂದಿದ್ದವು. ಗಾಳಿ ಮೇಲೆಯೇ ನಿಲ್ಲುವ ಕಾರಣ ನಿಪ್ಪಲ್ ಯಾವಾಗಲೂ ಕ್ಯಾಲಿಪರಿನ ನೆತ್ತಿಯಲ್ಲಿ ಇರಬೇಕು. ನಮ್ಮ ಕಾರಿನಲ್ಲಿ ಅವು ಸರಿಯಾದ ಜಾಗದಲ್ಲಿಯೇ ಇದ್ದವು.

ಕೊನೆಗೆ ಉಳಿದದ್ದು ಹೋಸ್ ಪೈಪುಗಳು. ಕಾರಿನುದ್ದಕ್ಕೂ ಹೋಗುವ ಬ್ರೇಕ್ ಪೈಪು ಉಕ್ಕಿನದು, ಅದು ಉಬ್ಬುವುದಿಲ್ಲ. ಚಕ್ರ ತಿರುಗಬೇಕಾದ, ಮೇಲೆ ಕೆಳಗೆ ಆಡಬೇಕಾದ ಜಾಗದಲ್ಲಿ ಮಾತ್ರ ರಬ್ಬರಿನ ಹೋಸ್ ಇರುತ್ತದೆ. ಅದರ ಗೋಡೆಯಲ್ಲಿರುವ ನೂಲಿನ ಹೆಣಿಗೆ ಒತ್ತಡವನ್ನು ತಡೆಯುತ್ತದೆ, ಹೆಣಿಗೆ ಸಡಿಲವಾದರೆ ಹೋಸ್ ಬಲೂನಿನಂತೆ ಹಿಗ್ಗುತ್ತದೆ. ದುಂಡಗಿನ ಹಲ್ಲಿನ ಕ್ಲ್ಯಾಂಪಿನಿಂದ ಕಾಕಾ ಮುಂದಿನ ಎರಡೂ ಹೋಸುಗಳನ್ನು, ಆಮೇಲೆ ಹಿಂದಿನವನ್ನು ಹಿಸುಕಿ ಮುಚ್ಚಿದರು. ಈಗ ಪೆಡಲ್ ಮೇಲೆಯೇ, ಕಲ್ಲಿನಂತೆ ನಿಂತಿತು. ಮಾಸ್ಟರ್ ಸಿಲಿಂಡರ್ ಮತ್ತು ಉಕ್ಕಿನ ಪೈಪುಗಳು ನಿರ್ದೋಷಿಗಳೆಂದು ಇದರಿಂದ ಖಚಿತವಾಯಿತು. ಒಂದೊಂದಾಗಿ ಕ್ಲ್ಯಾಂಪ್ ಬಿಚ್ಚುತ್ತ ಬಂದಾಗ ಹಿಂದಿನವಕ್ಕೆ ಪೆಡಲ್ ಅಷ್ಟಾಗಿ ಅಲುಗಲಿಲ್ಲ, ಮುಂದಿನ ಬಲಗಡೆಯದಕ್ಕೆ ಸ್ವಲ್ಪ ಇಳಿಯಿತು, ಮುಂದಿನ ಎಡಗಡೆಯದನ್ನು ಬಿಚ್ಚಿದೊಡನೆ ಕುಸಿಯಿತು. ಕ್ಲ್ಯಾಂಪಿನ ಆಚೆ ಹೋಸಿನ ಉಳಿದ ಭಾಗವೂ ಕ್ಯಾಲಿಪರೂ ಇರುವುದರಿಂದ ಇಷ್ಟರಿಂದಲೇ ಹೋಸ್ ತಪ್ಪಿತಸ್ಥ ಎನ್ನಲಾಗದು. ಅದಕ್ಕಾಗಿ ಕಾಕಾ ನನ್ನ ಕೈಯನ್ನೇ ಆ ಹೋಸಿನ ಸುತ್ತ ಇರಿಸಿ ಮಗಳಿಗೆ ಪೆಡಲ್ ಒತ್ತಲು ಹೇಳಿದರು. ಹಾವು ನುಂಗಿದ ಇಲಿ ಜಾರಿದಂತೆ ಮುಷ್ಟಿಯೊಳಗೆ ಹೋಸ್ ಉಬ್ಬಿ ಇಳಿಯಿತು. ಇಷ್ಟು ದಿನ ಕಾಲಿಗೆ ಗೊತ್ತಾಗುತ್ತಿದ್ದದ್ದು ಈಗ ಕೈಗೆ ಗೊತ್ತಾಯಿತು.

ಹಿಸುಕಿದ ಹಳೆಯ ಹೋಸುಗಳನ್ನು ಮತ್ತೆ ನಂಬುವಂತಿಲ್ಲ. ಕ್ಲ್ಯಾಂಪಿನ ಒತ್ತಡಕ್ಕೆ ಒಳಪದರ ಸೀಳಬಹುದು, ಆದ್ದರಿಂದ ಬದಲಿಸುವ ಸಿದ್ಧತೆ ಇದ್ದಾಗ ಮಾತ್ರ ಈ ಪರೀಕ್ಷೆ ಮಾಡಬೇಕು; ಇಕ್ಕಳದಿಂದಂತೂ ಎಂದಿಗೂ ಮಾಡಬಾರದು. ಕಾಯುತ್ತ ಕೂತಾಗ ತಂದೆಯವರ ನೋಟ್‌ಪುಸ್ತಕ ತೆಗೆದು ನೋಡಿದೆ. ಮುಂದಿನ ಪ್ಯಾಡುಗಳು ನಾಲ್ಕು ಸಲ, ಹಿಂದಿನ ಶೂಗಳು ಎರಡು ಸಲ, ಬ್ರೇಕ್ ಆಯಿಲ್ ಹೆಚ್ಚುಕಡಿಮೆ ಎರಡು ವರ್ಷಕ್ಕೊಮ್ಮೆ. ಹೋಸ್ ಎಂಬ ಶಬ್ದ ಅವರ ಬರಹದಲ್ಲಾಗಲಿ ನನ್ನ ಬರಹದಲ್ಲಾಗಲಿ ಎಲ್ಲಿಯೂ ಇರಲಿಲ್ಲ. ಇಪ್ಪತ್ತೈದು ವರ್ಷಕ್ಕೂ ಹಿಂದೆ ಕಾರಿನೊಂದಿಗೆ ಬಂದ ಹೋಸುಗಳು ಅವು. ಸವೆಯುವ ಸಾಮಾನುಗಳನ್ನು ಅಷ್ಟು ಶಿಸ್ತಿನಿಂದ ಬದಲಿಸಿದ ನಾವಿಬ್ಬರೂ, ಸವೆಯದೆ ಮುಪ್ಪಾಗುವ ಸಾಮಾನನ್ನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.

ಮುಂದಿನ ಶನಿವಾರ ನಾನಾ ಪೇಟೆಯ ಬಿಡಿಭಾಗಗಳ ಅಂಗಡಿಗಳಲ್ಲಿ ಹುಡುಕಿ ಹೋಸುಗಳ ಪೂರ್ತಿ ಸೆಟ್ಟನ್ನೂ, ಅವುಗಳ ತಾಮ್ರದ ವಾಷರುಗಳನ್ನೂ, ಡಬ್ಬಿಯ ಮುಚ್ಚಳದ ಮೇಲೆ ಬರೆದಿದ್ದ ದರ್ಜೆಯ ಆಯಿಲನ್ನೂ ತಂದೆ. ಆಯಿಲ್ ಬಾಟಲಿ ಸೀಲ್ ಒಡೆಯದ್ದೇ ಆಗಿರಬೇಕು. ಒಡೆದಿಟ್ಟ ಬಾಟಲಿ ಪುಣೆಯ ಮಳೆಗಾಲದಲ್ಲಿ ಶೆಲ್ಫಿನ ಮೇಲೆ ಕೂತೇ ತೇವ ಹೀರುತ್ತದೆ. ಭಾನುವಾರ ಕಾಕಾ ಹೋಸುಗಳನ್ನು ಹಾಕಿ, ಸ್ಟೇರಿಂಗನ್ನು ಎರಡೂ ಕಡೆ ಪೂರ್ತಿ ತಿರುಗಿಸಿ ಎಲ್ಲಿಯೂ ಉಜ್ಜುತ್ತಿಲ್ಲವೆಂದು ನೋಡಿ, ಮತ್ತೆ ಏರ್ ತೆಗೆದರು. ಬಣ್ಣದ ಮೇಲೆ ಚೆಲ್ಲಿದ ಆಯಿಲನ್ನು ಕೂಡಲೇ ನೀರು ಹಾಕಿ ತೊಳೆದೆವು, ಇಲ್ಲದಿದ್ದರೆ ಅದು ಬಣ್ಣವನ್ನು ಕಿತ್ತುಬಿಡುತ್ತದೆ. ಇಂಜಿನ್ ಚಾಲೂ ಇಟ್ಟು ಒತ್ತಿದಾಗ ಪೆಡಲ್ ಮೇಲೆಯೇ ಹಿಡಿದು ನಿಂತಿತು. ಮೊದಲು ಶೆಡ್ಡಿನ ಹಿಂದಿನ ಖಾಲಿ ರಸ್ತೆಯಲ್ಲಿ ನಡಿಗೆಯ ವೇಗದಲ್ಲಿ, ಆಮೇಲೆ ಸ್ವಲ್ಪ ವೇಗದಲ್ಲಿ ಹತ್ತಾರು ಸಲ ನಿಲ್ಲಿಸಿ ನೋಡಿದ ನಂತರವೇ ಸಿಂಹಗಡ ರಸ್ತೆಗೆ ಬಂದೆ.

ಹಳೆಯ ಎಡಗಡೆಯ ಹೋಸನ್ನು ಮನೆಗೆ ತಂದು ಉದ್ದಕ್ಕೆ ಸೀಳಿದೆ. ಹೊರಗಿನಿಂದ ನೇರವಾಗಿ ಹಿಡಿದಾಗ ಅದು ಹೊಸದರಂತೆಯೇ ಕಾಣುತ್ತಿತ್ತು, ಬಗ್ಗಿಸಿದರೆ ಮಾತ್ರ ಕಬ್ಬಿಣದ ತುದಿಯ ಹತ್ತಿರ ಕೂದಲೆಳೆಯಂಥ ಬಿರುಕುಗಳು ತೆರೆದುಕೊಳ್ಳುತ್ತಿದ್ದವು. ಒಳಗೆ ನೂಲಿನ ಹೆಣಿಗೆ ರಬ್ಬರಿನಿಂದ ಬಿಟ್ಟುಕೊಂಡು, ಸುಮಾರು ಎರಡು ಅಂಗುಲದಷ್ಟು ಉದ್ದಕ್ಕೆ ಉಗುರಿನಿಂದ ಎಳೆದರೆ ಎಳೆಎಳೆಯಾಗಿ ಬರುತ್ತಿತ್ತು. ನೋಟ್‌ಪುಸ್ತಕದಲ್ಲಿ ಹೋಸ್ ಬದಲಿಸಿದ ದಿನವನ್ನೂ ಕಿಲೋಮೀಟರನ್ನೂ ಬರೆದಿದ್ದೇನೆ. ಹಿಂದಿನ ಬಲ ಚಕ್ರದಲ್ಲಿ ಶೂಗಳನ್ನು ತಳ್ಳುವ ವೀಲ್ ಸಿಲಿಂಡರಿನ ರಬ್ಬರ್ ಟೋಪಿಯ ಒಳಗೆ ಸ್ವಲ್ಪ ತೇವ ಕಂಡಿತ್ತು, ಹನಿ ಇರಲಿಲ್ಲ. ದೀಪಾವಳಿಗೆ ಊರಿಗೆ ಹೊರಡುವ ಮೊದಲು ಎರಡೂ ಕಡೆಯವನ್ನು ಬದಲಿಸುವುದೆಂದು ಕಾಕಾ ಜೊತೆ ಮಾತಾಗಿದೆ, ಅದನ್ನೂ ಅದರ ಕೆಳಗಿನ ಸಾಲಿನಲ್ಲಿ ಬರೆದಿಟ್ಟಿದ್ದೇನೆ.